ಹರಿಯುವ ನೀರಿಗೆ ಹೇಳಿದ ಕನಸುಗಳು

ಸವಣೂರಿನ ವೀಳ್ಯದೆಲೆ ತೋಟದಿಂದ ಹೊರಡುವಾಗ ಇನ್ನೂ ನಿದ್ದೆಯಲ್ಲಿರುತ್ತದೆ ಎಂದು ಗುತ್ತೆವ್ವ ಹೇಳುತ್ತಿದ್ದಳು. ಬುಟ್ಟಿಯೊಳಗೆ ಬಾಳೆಯ ಪಟ್ಟೆ ಹೊದ್ದು ಮಲಗಿದ ಎಲೆ, ಎಚ್ಚರಾಗುವುದರೊಳಗೆ ತಾನು ಹೋಗಬೇಕಾದ ಊರು ಮುಟ್ಟಬೇಕು. ದಾರಿಯಲ್ಲಿ ಎಚ್ಚರಾದರೆ ಸಿಟ್ಟಿಗೆದ್ದು ಮೈಯೆಲ್ಲ ಕಪ್ಪು ಮಾಡಿಕೊಳ್ಳುತ್ತದೆ. ಇದು ಆಕೆಯ ಶಾಸ್ತ್ರ. ನಾಲ್ಕನೆಯ ಇಯತ್ತೆಗೆ ಪಾಟಿ ಕೆಳಗಿಟ್ಟು, ಆಮೇಲೆ ಕಿರಾಣಿ ಪೊಟ್ಟಣದ ಹಾಳೆಗಳನ್ನು ಓದಿ ಓದಿ ಅಕ್ಷರ ಗಟ್ಟಿ ಮಾಡಿಕೊಂಡವನು ನಾನು. ಮುಂದೆ ಕೈಗೆ ಸಿಕ್ಕ ಪುಸ್ತಕ ಒಂದನ್ನೂ ಬಿಟ್ಟಿಲ್ಲ. ಎಲೆಯ ವಿಷಯದಲ್ಲಿ ಇದಕ್ಕಿಂತ ಖರೆ ಮಾತನ್ನು ಎಲ್ಲೂ ಕಂಡಿಲ್ಲ.

ನಮ್ಮದು ಎಲೆಬಳ್ಳಿ ಬೆಳೆಗಾರರ ಸಂಘ. ಊರಂಚಿಗೆ ಒಂದು ತಗಡಿನ ಶೆಡ್ಡು, ಅದರ ಹಿಂದೆ ತೋಟ, ತೋಟಕ್ಕೆ ನೀರು ಒಯ್ಯುವ ಸಣ್ಣ ಕಾಲುವೆ, ಮುಂದೆ ರಸ್ತೆ. ಶೆಡ್ಡಿನ ಬಾಗಿಲ ಬಳಿ ಒಂದು ಮಣೆ. ಆ ಮಣೆಯ ಮೇಲೆ ಗುತ್ತೆವ್ವ ಕೂತು ಇಪ್ಪತ್ತು ವರ್ಷ ದಾಟಿತ್ತು. ತಡಸದಲ್ಲಿ ಹುಟ್ಟಿ ಸವಣೂರಿಗೆ ಸೊಸೆಯಾಗಿ ಬಂದವಳು. ಗಂಡ ಬೇಗ ತೀರಿಕೊಂಡ, ಕೈಯಲ್ಲೊಂದು ಹೆಣ್ಣು ಕೂಸು. ಎಲೆ ಆರಿಸುವ ಹೆಂಗಸರ ಸಾಲಿನ ಕೊನೆಗೆ ಬಂದು ಕೂತವಳು ವರ್ಷಕ್ಕೊಂದು ಮೊಳ ಸರಿಯುತ್ತ ಸರಿಯುತ್ತ ಬಾಗಿಲಿಗೆ ಬಂದು ಮುಟ್ಟಿದಳು.

ಹೊತ್ತು ಹುಟ್ಟುವುದರೊಳಗೆ ಬಾಗಿಲಿಗೆ ಇನ್ನೂರು ಬುಟ್ಟಿ ಬಂದು ಬೀಳುತ್ತಿದ್ದವು. ಯಾವುದು ಹಾನಗಲ್ಲ ಬಸ್ಸಿಗೆ, ಯಾವುದು ಹಿರೇಕೆರೂರಿಗೆ, ಯಾವುದು ಮಜೀದನ ಟೆಂಪೊದಲ್ಲಿ ಶಿಗ್ಗಾಂವಿ ದಾಟಿ ಹುಬ್ಬಳ್ಳಿಗೆ, ಯಾವುದು ಯಲವಿಗಿ ಸ್ಟೇಷನ್ನಿಗೆ, ಎಲ್ಲ ಆಕೆಯ ಬಾಯಲ್ಲಿ. ಬುಟ್ಟಿಯ ಬಾಯಿ ಸರಿಸಿ ಒಮ್ಮೆ ನೋಡುವಳು, ಒಮ್ಮೆ ಪಡುವಣ ಮುಗಿಲು ನೋಡುವಳು, ಊರ ಹೆಸರು ಹೇಳುವಳು. ಪಕ್ಕದಲ್ಲಿ ಕೂತ ನಾನು ಅದನ್ನು ಚೀಟಿಗೆ ಬರೆದು ಬುಟ್ಟಿಗೆ ಸಿಕ್ಕಿಸುವೆ. ಅಕ್ಷರ ನನ್ನದು, ತೀರ್ಪು ಆಕೆಯದು. ಆ ತೀರ್ಪು ಎಲ್ಲಿಂದ ಬರುತ್ತಿತ್ತೆಂದು ನಾನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಬಾವಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ?

ಎಂಬತ್ತಾರರ ದಸರೆಯ ಮುಂದೆ ಸಂಘಕ್ಕೆ ಕಂಪ್ಯೂಟರ್ ಬಂತು. ಚೇರಮನ್ ಹಯಾತಸಾಹೇಬರಿಗೆ ಅದರ ಹಂಬಲ ಬಹಳ ದಿನದ್ದು. ಹುಬ್ಬಳ್ಳಿಯಿಂದ ಜೀಪಿನಲ್ಲಿ, ಮದುಮಗಳನ್ನು ತಂದ ಹಾಗೆ, ಚಾದರ ಹೊದಿಸಿ ತಂದರು. ಮೂಲೆಯ ಕೋಣೆಗೆ ಸುಣ್ಣ ಬಳಿಸಿದೆವು. ಮಠದ ಓಣಿಯವರು ಕುಂಕುಮ ಹಚ್ಚಿ ಕಾಯಿ ಒಡೆದರು, ಸಾಹೇಬರು ಅತ್ತರು ಸಿಂಪಡಿಸಿದರು.

"ಎರಡೂ ಕಡೀ ದೇವರಿಗೆ ಹೇಳೇವಿ. ಇನ್ನ ಇದು ಓಡದಿದ್ದರ ಇದರದ ತಪ್ಪು," ಎಂದರು.

ಓಡಿಸಬೇಕಾದವನು ಮಧ್ವೇಶ. ಮಠದ ಓಣಿಯ ಇಂದಿರಾಬಾಯಿಯವರ ಮೊಮ್ಮಗ, ಹುಬ್ಬಳ್ಳಿಯಲ್ಲಿ ಪ್ರೋಗ್ರಾಂ ಬರೆದು ಕೊಡುವ ಕಚೇರಿಯೊಂದರಲ್ಲಿ ಕೆಲಸ. ವಾರಕ್ಕೆ ಮೂರು ದಿನ ನಮ್ಮ ಶೆಡ್ಡಿಗೆ ಬರುತ್ತಿದ್ದ. ತೆಳ್ಳಗಿನ ಹುಡುಗ, ಕಣ್ಣಲ್ಲಿ ಸದಾ ಅರ್ಧ ನಿದ್ದೆ, ಕೈಯಲ್ಲಿ ಗೆರೆ ಇಲ್ಲದ ದೊಡ್ಡ ಹಾಳೆ. ಯಂತ್ರಕ್ಕೆ ಕೆಲಸ ಕಲಿಸುವ ಮೊದಲು ಆ ಕೆಲಸ ಏನೆಂದು ಹಾಳೆಯ ಮೇಲೆ ಬಿಡಿಸಬೇಕಂತೆ. ಮನೆ ಕಟ್ಟುವವರು ನೆಲದ ಮೇಲೆ ಸುಣ್ಣದ ಗೆರೆ ಎಳೆಯುವ ಹಾಗೆ. ತೋಟ ಎಂದು ಒಂದು ಚೌಕ, ಬುಟ್ಟಿ ಎಂದು ಒಂದು ಚೌಕ, ಬಾಗಿಲು, ಬಸ್ಸು, ಊರು. ಚೌಕದಿಂದ ಚೌಕಕ್ಕೆ ಬಾಣ. ಯಂತ್ರಕ್ಕೆ ಗೊತ್ತಾಗುವುದು ಆ ಬಾಣಗಳ ದಾರಿ ಮಾತ್ರ. ಗೆರೆ ಇಲ್ಲದ ಕಡೆ ಅದು ಹೆಜ್ಜೆ ಇಡುವುದಿಲ್ಲ.

ಅವನು ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿದ. ನಾವು ಹೇಳಿದೆವು: ಎಲೆ ಬರುತ್ತದೆ, ಬುಟ್ಟಿ ತುಂಬುತ್ತದೆ, ಬಸ್ಸು ಬರುತ್ತದೆ, ಎಲೆ ಹೋಗುತ್ತದೆ.

"ಅದು ಆತು. ಬಸ್ಸು ಕೆಟ್ಟು ನಿಂತರ ಏನ್ ಮಾಡ್ತೀರಿ?" ಎಂದು ಕೇಳಿದ.

ಎಲೆ ಆರಿಸುವ ಹೆಂಗಸರ ಕೈ ಒಮ್ಮೆಲೇ ನಿಂತಿತು.

"ಬಿಡ್ತು ಅನ್ರಿ ರಾಯರ," ಎಂದಳು ಒಬ್ಬಾಕೆ.

"ಅಲ್ಲವಾ, ಒಂದು ಮಾತಿಗೆ ಕೇಳ್ಲಿಕ್ಕತ್ತೀನಿ. ಎಲಿ ಕೊಳತರ?"

"ಬಿಡ್ತು ಅನ್ರಿ ಅಂದ್ನೆಲ್ಲಾ. ಹೊಸಾ ಸಾಮಾನದ ಮುಂದ ನಿಂತು ಎಂಥಾ ಮಾತ ತಗೀತೀರಿ."

ಹಯಾತಸಾಹೇಬರ ಹತ್ತಿರ ಹೋಗಿ ಅದನ್ನೇ ಕೇಳಿದ. ಅವರು ಎರಡೂ ಕೆನ್ನೆ ಮುಟ್ಟಿಕೊಂಡು "ತೋಬಾ, ತೋಬಾ. ಚಲೋ ಕೇಳಪಾ, ಚಲೋ," ಎಂದರು.

ಓದುವವರಿಗೆ ಇದು ಹುಚ್ಚೆನಿಸಬಹುದು. ಆದರೆ ನಮ್ಮ ಸೀಮೆಯಲ್ಲಿ ಶುಭಕಾರ್ಯಕ್ಕೆ ಕೈ ಹಚ್ಚಿದಾಗ ಕೆಟ್ಟದ್ದನ್ನು ಬಾಯಿಂದ ಆಡುವುದಿಲ್ಲ. ಆಡಿದ ಮಾತಿಗೆ 'ಅಸ್ತು' ಎನ್ನುವ ದೇವತೆಗಳು ತಲೆಯ ಮೇಲೆ ಸುಳಿದಾಡುತ್ತಿರುತ್ತವೆ. ಬಸ್ಸು ಕೆಟ್ಟರೆ ಎಂದು ನೀವು ಅಂದಿರೋ, ಅವು ಅಸ್ತು ಅಂದವೋ, ಬಸ್ಸಿನ ಗಾಲಿ ಕಳಚಿತೆಂದೇ ಲೆಕ್ಕ. ಹಾಗಾಗಿ ಇಡೀ ಶೆಡ್ಡು ಸೇರಿ ಆ ಹುಡುಗನಿಗೆ ಬರೀ ಒಳ್ಳೆಯ ದಿನಗಳನ್ನು ಹೇಳಿತು. ಮಳೆ ಬಾರದ, ಹೊಳೆ ಏರದ, ಯಾರೂ ಸಾಯದ, ಗಾಲಿ ಕಳಚದ ದಿನಗಳು. ಇಂಥ ಊರೊಂದು ಎಲ್ಲಿಯಾದರೂ ಇದ್ದರೆ ಅಲ್ಲಿಗೆ ಯಾರೂ ಎಲೆ ಕಳಿಸಬೇಕಾಗಿಯೇ ಇಲ್ಲ, ಅಲ್ಲಿಯವರು ದೇವರುಗಳು. ಆ ಊರಿನ ನಕ್ಷೆಯನ್ನು ಮಧ್ವೇಶ ಹಾಳೆಯ ಮೇಲೆ ಚೆಂದಾಗಿ ಬಿಡಿಸಿದ.

ಗುತ್ತೆವ್ವನೂ ಹೆಚ್ಚಿಗೆ ಹೇಳಲಿಲ್ಲ. "ನೋಡ್ತೇನಿ, ಹೇಳ್ತೇನಿ. ಅಷ್ಟರಿ," ಎಂದಳು.

"ಹೆಂಗ ಹೇಳಾಕೀ? ಹೇಳಿದಳಂದ್ರ ಮಣಿ ಹೋತಲ್ಲ," ಎಂದು ಹಯಾತಸಾಹೇಬರು ನಕ್ಕರು. ನಾವೆಲ್ಲ ಅದನ್ನೇ ನಂಬಿದೆವು. ಯಂತ್ರ ಬಂದರೆ ಬಾಗಿಲು ಹೋಗುತ್ತದೆ ಎಂದು ಹೆದರಿ ಮುದುಕಿ ಬಾಯಿ ಕಟ್ಟಿಕೊಂಡಿದ್ದಾಳೆ ಎಂದು ನಾನೂ ಅಂದುಕೊಂಡಿದ್ದೆ. ತಪ್ಪು ಅಂದುಕೊಂಡಿದ್ದೆ.

ಎಂಬತ್ತೇಳರ ಆಷಾಢದಲ್ಲಿ ಒಂದು ಸೋಮವಾರ ಯಂತ್ರವನ್ನು ಬಾಗಿಲಿಗೆ ಹಚ್ಚಿದರು. ಅಂದು ಗುತ್ತೆವ್ವ ಸುಮ್ಮನೆ ಕೂತು ನೋಡಬೇಕೆಂದು ಚೇರಮನ್ನರ ಅಪ್ಪಣೆ. ಪ್ರಿಂಟರು ಕರಕರ ಎಂದು ಚೀಟಿ ಕಕ್ಕಿತು, ನಾನು ಸಿಕ್ಕಿಸಿದೆ. ಅದೇ ಬೆಳಿಗ್ಗೆ ವರದಾ ಹೊಳೆ ಏರಿ, ಹಾನಗಲ್ಲ ಬಸ್ಸು ಅರ್ಧ ದಾರಿಯಿಂದ ಹೊಳ್ಳಿ ಬಂತು. ಹೊಳ್ಳಿ ಬರುವ ಬಾಣ ಹಾಳೆಯ ಮೇಲೆ ಇರಲಿಲ್ಲ. ಯಂತ್ರ ಹಾನಗಲ್ಲ ಹಾನಗಲ್ಲ ಎಂದು ಚೀಟಿ ಕೊಡುತ್ತಲೇ ಹೋಯಿತು. ಬಸ್ಸಿನಿಂದ ಇಳಿಸಿದ ಬುಟ್ಟಿ ಕೆಳಗೆ, ಹೊಸ ಬುಟ್ಟಿ ಅದರ ಮೇಲೆ. ಮಧ್ಯಾಹ್ನಕ್ಕೆ ಅರವತ್ತು ಬುಟ್ಟಿ ಬೆವೆತು, ಬಿಸಿಯಾಗಿ, ಕಪ್ಪಾದವು. ಗುತ್ತೆವ್ವ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಅಪ್ಪಣೆ ಎಂದರೆ ಅಪ್ಪಣೆ. ಆಕೆಯ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಮರುದಿನ ಮಧ್ವೇಶ ನಸುಕಿಗೇ ಬಂದ. ರಾತ್ರಿ ಅಜ್ಜಿಯ ಮನೆಯಲ್ಲಿ ಊಟ ಮಾಡಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೊರಟಿದ್ದೆ. ಅವನೂ ಹಿಂದೆ ಬಂದ. ಕಾಲುವೆಯ ದಂಡೆಗೆ ಗುತ್ತೆವ್ವ ಕುಕ್ಕರಗಾಲಲ್ಲಿ ಕೂತಿದ್ದಳು, ಬೆನ್ನು ನಮ್ಮ ಕಡೆ. ಬಳ್ಳಿಯ ನೆರಳು ನೀರಿನ ಮೇಲೆ ಬಿದ್ದು ನೀರೇ ಹಸಿರಾಗಿತ್ತು. ಆಕೆ ಬೆರಳ ತುದಿ ನೀರಿಗೆ ತಾಗಿಸಿ, ಜೋಗುಳದ ದನಿಯಲ್ಲಿ ಮಾತಾಡುತ್ತಿದ್ದಳು.

"ಮಜೀದನ ಟೆಂಪೊ ತಡಸದ ಕ್ರಾಸಿನ್ಯಾಗ ನಿಂತಿತ್ತವ್ವ, ಗಾಲಿ ಇರಲಿಲ್ಲ. ಮ್ಯಾಲ ಬಿಸಲು. ಎಲಿ ಅಳಾಕತ್ತಿದ್ದವು. ನಾ ಓಡಿ ಹೋಗಿ ಎಳೀ ಎಲಿ ತಗದು ನಮ್ಮ ತವರ ಮಂದೀಗೆ ಹಂಚಿದೆ, ಬಲತದ್ದಕ್ಕ ಹಸಿ ಚೀಲಾ ಹೊಚ್ಚಿ ಹುಬ್ಬಳ್ಳಿ ಬಸ್ಸಿನ ಮ್ಯಾಲ ಏರಿಸಿದೆ. ಬಸ್ಸಿನಾಂವಾ ಒಲ್ಲೆ ಅಂದಾ. ಅವನ ತಾಯಿ ಹೆಸರು ಹೇಳಿ ಕೇಳಿದೆ, ಹೂಂ ಅಂದಾ. ಹರಕೊಂಡು ಹೋಗವ್ವ, ಹರಕೊಂಡು ಹೋಗು."

ಕೆಟ್ಟ ಕನಸು ಬಿದ್ದರೆ ಮನುಷ್ಯರಿಗೆ ಹೇಳಬಾರದು, ಹೊಟ್ಟೆಯಲ್ಲೂ ಇಟ್ಟುಕೊಳ್ಳಬಾರದು. ಎದ್ದ ಕೂಡಲೇ ಹರಿಯುವ ನೀರಿಗೆ ಹೇಳಬೇಕು. ನೀರು ಅದನ್ನು ಒಯ್ದುಬಿಡುತ್ತದೆ. ನಮ್ಮ ಅವ್ವಂದಿರೆಲ್ಲ ಮಾಡುತ್ತಿದ್ದದ್ದೇ. ನಾನು ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಮಧ್ವೇಶ ಮಾತ್ರ ನಿಂತಲ್ಲೇ ನಿಂತುಬಿಟ್ಟ.

"ಮಾರೆಪ್ಪಣ್ಣ, ಕೇಳಿದ್ಯಾ? ನಾ ಎಂಟು ತಿಂಗಳದಿಂದ ಕೇಳ್ಲಿಕ್ಕತ್ತಿದ್ದು ಇದನ್ನ."

ಗುತ್ತೆವ್ವ ಹೊರಳಿ ನೋಡಿದಳು. "ನೀರಿಗೆ ಹೇಳಿದ್ದ ನಿಮಗ್ಯಾಕ್ರಿ ಸಣ್ಣ ರಾಯರ?"

"ನನಗ ಹೇಳಬ್ಯಾಡ್ರಿ. ನೀರಿಗೇ ಹೇಳ್ರಿ. ನೀರು ಈ ಕಡೆಗೇ ಹರೀತದಲ್ಲ, ನಾ ಕೆಳಗ ಅಲ್ಲೆ ಪೇರಲ ಗಿಡದ ಬುಡಕ್ಕ ಕೂಡ್ತೀನಿ. ನೀರು ಏನ್ ಹೇಳ್ತದ, ಅದನ್ನ ಬರಕೋತೀನಿ."

ಆಕೆ ಅವನ ಮುಖ ನೋಡಿದಳು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಮಠದ ಓಣ್ಯಾಗ ಹುಟ್ಟಿದರ ಇಂಥಾ ಯುಕ್ತಿ ಬರ್ತಾವೇನು? ಕುಂಡ್ರಿ ಹಂಗಾರ. ಅಂಗಿ ತೊಯ್ದರ ನಾ ಅಲ್ಲ."

ಶ್ರಾವಣ, ಭಾದ್ರಪದ, ಆಶ್ವೀಜ. ಆ ಮೂರು ತಿಂಗಳ ಮುಂಜಾವುಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಮುಂಜಾವಾಗಿ ಉಳಿದಿವೆ. ಮೇಲೆ ಗುತ್ತೆವ್ವ, ನಡುವೆ ನೀರು, ಕೆಳಗೆ ಪೇರಲ ಗಿಡದಡಿ ಮಧ್ವೇಶ. ಅಸ್ತು ದೇವತೆಗಳಿಗೆ ಇದರಲ್ಲಿ ಕೈಹಾಕಲು ಎಡೆಯೇ ಇರಲಿಲ್ಲ. ಆಗಿ ಹೋದ ಕನಸಿಗೆ ಯಾರು ಅಸ್ತು ಅನ್ನುತ್ತಾರೆ? ಆಕೆ ಖರೆ ಕಂಡದ್ದೆಷ್ಟು, ಇಪ್ಪತ್ತು ವರ್ಷದಲ್ಲಿ ನಡೆದದ್ದು ರಾತ್ರಿ ಮರಳಿ ಬಂದದ್ದೆಷ್ಟು, ಕೂತಲ್ಲೇ ಹೆಣೆದದ್ದೆಷ್ಟು, ಆಕೆಗೇ ಗೊತ್ತಿರಲಿಕ್ಕಿಲ್ಲ. ನೀರು ಸೋಸಿ ಕೇಳುವುದಿಲ್ಲ.

ಒಂದು ಕನಸಿನಲ್ಲಿ ಒಂದು ತೋಟದ ಯಜಮಾನ ತೀರಿಕೊಂಡಿದ್ದ. ಸೂತಕದ ಮನೆಯವರು ಬಳ್ಳಿ ಮುಟ್ಟುವುದಿಲ್ಲ. ಎಲೆಬಳ್ಳಿಗೆ ಮೈಲಿಗೆ ಆಗದು. ಆದರೂ ಆ ಮನೆಯ ಹೆಸರಿನ ಬುಟ್ಟಿ ಬಾಗಿಲಿಗೆ ಬಂದಿತ್ತು. ಪಕ್ಕದ ತೋಟದ ಖತೀಜಾಬಿ ತನ್ನ ಎಲೆ ಕೊಯ್ದು, ಅವರ ಬುಟ್ಟಿಗೆ ಹಾಕಿ, ಅವರ ಹೆಸರಿನಲ್ಲೇ ಕಳಿಸಿದ್ದಳು. ಇದಕ್ಕೆ ಮುಯ್ಯಿ ಎನ್ನುತ್ತೇವೆ. ಮುಂದೆ ಈಕೆಯ ಮನೆಗೆ ಹೊತ್ತು ಬಂದಾಗ ಅವರು ತೀರಿಸುತ್ತಾರೆ. ಬಾಯಿಬಿಟ್ಟು ಯಾರೂ ಆಡುವುದಿಲ್ಲ. ಮಧ್ವೇಶನ ಹಾಳೆಯಲ್ಲಿ ಒಂದು ಬುಟ್ಟಿಗೆ ಒಂದೇ ತೋಟ ಇತ್ತು. ಅಂದು ಅವನು ಆ ಗೆರೆ ಅಳಿಸಿ, ಒಂದು ಬುಟ್ಟಿಗೆ ಎರಡು ಬಾಣ ಎಳೆದ. ಎಲೆ ಕೊಟ್ಟವರು, ಹೆಸರು ಕೊಟ್ಟವರು.

ಇನ್ನೊಂದರಲ್ಲಿ ಹಾನಗಲ್ಲಿನ ಮದುವೆಮನೆಯವರು ತಾವು ಹೇಳಿದ ತಿಥಿಗಿಂತ ಒಂದು ದಿನ ಮುಂಚೆ ಬಂದು ನಿಂತಿದ್ದರು. ಬಾಸಿಂಗ ಕಟ್ಟಿದ ಮದುಮಗನೇ ಶೆಡ್ಡಿನ ಬಾಗಿಲಲ್ಲಿ ಕೈಯೊಡ್ಡಿ ನಿಂತಿದ್ದನಂತೆ, ಅವನ ಹಿಂದೆ ಅಡಿಕೆ ಚೀಲ ಹೊತ್ತ ಇಡೀ ಹಾನಗಲ್ಲ. ಗುತ್ತೆವ್ವ ಮೂರು ಊರಿನ ಬುಟ್ಟಿಗಳಿಂದ ಹಿಡಿ ಹಿಡಿ ಎಲೆ ತೆಗೆದು ಒಂದು ಬುಟ್ಟಿ ಮಾಡಿದಳು. ಮಧ್ವೇಶನ ಬುಟ್ಟಿ ಒಡೆಯುತ್ತಿರಲಿಲ್ಲ, ಕೂಡುತ್ತಿರಲಿಲ್ಲ. ಅದೂ ತಿದ್ದಿಕೊಂಡಿತು.

ಅವನ ಪದ್ಧತಿ ಹೀಗಿತ್ತು. ಕನಸನ್ನು ಮೊದಲು ಕತೆಯ ಹಾಗೇ ಬರೆಯುವನು. ಯಾರು ಬಂದರು, ಮೊದಲು ಏನಾಯಿತು, ಆಮೇಲೆ ಏನು, ಆಕೆ ಏನು ನೋಡಿದಳು, ಏನು ಮಾಡಿದಳು, ಕೊನೆಗೆ ಎಲೆ ಎಲ್ಲಿ ಮುಟ್ಟಿತು. ಆಮೇಲೆ ಚೌಕಗಳ ಹಾಳೆ ಬಿಚ್ಚಿ, ನನಗೆ ಕತೆ ಓದಲು ಹೇಳಿ, ತಾನು ಹಾಳೆಯ ಮೇಲೆ ಬೆರಳು ನಡೆಸುವನು. ನಾನು ಓದಿದಂತೆ ಬೆರಳು ಬಾಣ ಹಿಡಿದು ಹೋಗುವುದು. ಎಲ್ಲಿ ಕತೆ ಮುಂದೆ ಹೋಗಿ ಬೆರಳಿಗೆ ದಾರಿ ಸಿಗುವುದಿಲ್ಲವೋ ಅಲ್ಲಿ ನಿಲ್ಲುವನು.

"ಇಲ್ಲೆ ಅದ ನೋಡು ತಗ್ಗು," ಎಂದು ಹೊಸ ಚೌಕ ಬರೆಯುವನು.

ಮೊದಲಿನ ಹಾಳೆ ಮಗ್ಗಿಯ ಹಾಗೆ ಸಾಫಾಗಿತ್ತು. ಈಗಿನದು ಎಲೆಬಳ್ಳಿಯೇ ಆಯಿತು, ಸುತ್ತಿ ಸುತ್ತಿ ಏರಿತು. ಕನಸುಗಳಿಗೆ ಅವನು ನಂಬರು ಹಾಕಿದ್ದ. ಕಾರ್ತಿಕಕ್ಕೆ ನಲವತ್ತಾದವು.

ನಲವತ್ತನ್ನೂ ಓದಿ ಬೆರಳು ನಡೆಸಿ ಮುಗಿಸಿದ ದಿನ ಮಧ್ವೇಶ ಗುತ್ತೆವ್ವನ ಬಳಿ ಬಂದು ಕೂತ. ಮಧ್ಯಾಹ್ನದ ಬಿಡುವು. ಬಾಗಿಲಲ್ಲಿ ನಾವು ಮೂವರೇ.

"ಒಂದ್ ಮಾತು ಕೇಳ್ಲಿ? ನಲವತ್ತೂ ಕನಸಿನ್ಯಾಗ ನೀವು ಇದ್ದೀರಿ. ಗಾಲಿ ಕಳಚಿದಲ್ಲೆ ನೀವು, ಹೊಳಿ ಏರಿದಲ್ಲೆ ನೀವು. ಕಡೀ ಮಾತು ನಿಮ್ಮದ. ಯಂತ್ರಕ್ಕ ನಾ ಎಷ್ಟ ಕಲಿಸಿದರೂ ಅದು ಕಡೀಕ ಬಂದು 'ಗುತ್ತೆವ್ವನ್ನ ಕೇಳು' ಅಂತ ನಿಂದರ್ತದ. ನೀವು ಇರಲಾರದ ಒಂದು ಕನಸು ಇಲ್ಲೇನು?"

ಆಕೆ ಕೈಯಲ್ಲಿದ್ದ ಎಲೆಯ ತೊಟ್ಟು ಮುರಿದಳು. "ಒಂದ ಐತಿ," ಎಂದಳು. "ಅದನ್ನ ನೀರಿಗೂ ಹೇಳಿಲ್ಲ."

ಅದನ್ನು ಆಕೆ ನಮಗೆ ನೇರವಾಗಿ ಹೇಳಿದಳು. ಅದರ ಬೇರು ಎರಡು ವರ್ಷದ ಹಿಂದಿನ ವೈಶಾಖದಲ್ಲಿತ್ತು. ಮಗಳು ಫಕೀರವ್ವ ಹಿರೇಕೆರೂರಿನ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಸವಣೂರಿಗೆ ಬಂದಿದ್ದಳು. ಮದುವೆಯ ಸುಗ್ಗಿ, ಬಾಗಿಲಲ್ಲಿ ಮುನ್ನೂರು ಬುಟ್ಟಿ. ನೋವು ಬಂದಿದೆ ಎಂದು ಹೇಳಿಕಳಿಸಿದಾಗ ಗುತ್ತೆವ್ವ, ಇದೊಂದು ಬಸ್ಸು ಹೋಗಲಿ, ಬಂದೆ ಎಂದಳು. ಆ ಬಸ್ಸು ಹೋಯಿತು, ಇನ್ನೊಂದು ಬಂತು. ಆಕೆ ಮನೆ ಮುಟ್ಟಿದಾಗ ಖತೀಜಾಬಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೂಸು ಅತ್ತಿರಲಿಲ್ಲ. ನೀನಿದ್ದರೂ ಅಷ್ಟೇ ಆಗುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಮಗಳು ಏನೂ ಹೇಳಲಿಲ್ಲ. ಅಂದು ನಾನೂ ಬಾಗಿಲಲ್ಲಿದ್ದೆ, ಚೀಟಿ ಬರೆಯುತ್ತಿದ್ದೆ. ನನಗಿದು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆ.

"ಈಗ ಮತ್ತ ದಿನಾ ತುಂಬಾಕತ್ತಾವ. ಪುಷ್ಯದಾಗ ಐತಿ. ಈ ಸಲ ನಾ ಬರೂದಿಲ್ಲ, ನೀನ ಬಾ ಅಂತ ಹೇಳಿ ಕಳಿಸ್ಯಾಳ. ಬಾಗಲಾ ಬಿಟ್ಟು ಬರಾಕ ಆಗದಿದ್ದರ ಬರಬ್ಯಾಡ ಅಂತನೂ ಹೇಳ್ಯಾಳ." ಆಕೆ ಯಂತ್ರದ ಕೋಣೆಯ ಕಡೆ ನೋಡಿದಳು. "ಮಣಿ ಹೋಗತೈತಿ ಅಂತ ನಾ ಅಂಜೇನಿ ಅಂತೀರಿ ಎಲ್ಲಾರು. ನನಗ ಕನಸಿನ್ಯಾಗ ಫಕೀರಿ ಒದರಾಕತ್ತಿರ್ತಾಳ. ಬಾಗಲದಾಗ ಯಾರೂ ಇರೂದಿಲ್ಲ. ಮನ್ಯಾಗೂ ನಾ ಇರೂದಿಲ್ಲ. ಎಲ್ಲಿರ್ತೇನೋ ಗೊತ್ತಿಲ್ಲ. ಹನ್ನೆರಡ ದಿನಾ ಸಣ್ಣ ರಾಯರ. ಹನ್ನೆರಡ ದಿನಾ ಈ ಬಾಗಲಾ ಹಿಡೀತೈತೇನು ನಿಮ್ಮ ಯಂತ್ರಾ?"

ಮಧ್ವೇಶ ಕೂಡಲೇ ಹೂಂ ಎನ್ನಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಗೌರವ ಹುಟ್ಟಿತು. "ನೀವಿಲ್ಲದ ಬಾಗಲಾ ಮೊದಲ ನನಗ ಕಾಣಸಬೇಕು," ಎಂದ.

ಅಂದಿನಿಂದ ಗುತ್ತೆವ್ವ ತಾನಿಲ್ಲದ ಬಾಗಿಲನ್ನು ಕನಸು ಕಾಣಲು ಕೂತಳು. ಸುಲಭವಿರಲಿಲ್ಲ. ಕಣ್ಣು ಮುಚ್ಚಿದರೆ ತಾನೇ ಬಂದು ಮಣೆಯ ಮೇಲೆ ಕೂರುತ್ತಾಳೆ. ಎಬ್ಬಿಸಿ ಕಳಿಸಬೇಕು.

"ಎದ್ದ ಹೋದ್ಯಾ ಅಕ್ಕ?" ಎಂದು ನಾನು ಕೇಳುತ್ತಿದ್ದೆ.

"ಹೋದ್ನೋ. ಮಣೀ ಮ್ಯಾಲ ನೀ ಕುಂತಿ. ಬೀಡಿ ಸೇದಾಕತ್ತೀದಿ. ಬುಟ್ಟಿ ಬಂದು ಅರ್ಧಾ ತಾಸ ಆತು."

"ನಾ ಹಂಗ ಕುಂಡ್ರಾಂವಲ್ಲ."

"ಕನಸಿನ್ಯಾಗ ಕುಂತೀದಿ. ಬೀಡಿ ಚೆಲ್ಲು. ಬುಟ್ಟಿ ಬಾಯಿ ತಗಿ. ಈಗ ಏನ ನೋಡತಿ?"

"ಎಲಿ."

"ಎಲ್ಯಾಗ ಏನು? ತೊಟ್ಟ ನೋಡೋ, ತೊಟ್ಟು. ಕರ್ರಗಾದ್ರ ನಿನ್ನೀದು. ಇನ್ನ ತಲಿ ಎತ್ತು. ಪಡುವಲಕ್ಕ ಮಾಡ ಕಟ್ಟೈತೇನು? ಕಟ್ಟಿದ್ದರ ವರದಾ ಹೊಳಿ ದಾಟೋ ಬುಟ್ಟಿ ಮದಲ ಹೊರಡಬೇಕು."

ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿರದ ಮಾತುಗಳು ಹೀಗೆ ಹೊರಬಂದವು. ಆಕೆ ತಾನೇ ಇದ್ದಾಗ ಹೇಳುವ ಪ್ರಮೇಯ ಇರಲಿಲ್ಲ. ನನ್ನಂಥ ಮೊದ್ದನನ್ನು ಮಣೆಯ ಮೇಲೆ ಕೂರಿಸಿದ ಮೇಲೆ ಎಲ್ಲವನ್ನೂ ಬಿಡಿಸಬೇಕಾಯಿತು. ಯಂತ್ರಕ್ಕೆ ಕಣ್ಣಿಲ್ಲ, ಮುಗಿಲು ಕಾಣದು. ಹಾಗಾಗಿ ಮಧ್ವೇಶ ಅದು ನನ್ನನ್ನು ಕೇಳುವ ಹಾಗೆ ಮಾಡಿದ. ದಿನಾ ಮುಂಜಾನೆ ಆರು ಪ್ರಶ್ನೆ. ತೊಟ್ಟು ಕಪ್ಪೋ ಹಸಿರೋ? ಮೋಡ ಇದೆಯೋ ಇಲ್ಲವೋ? ಬಸ್ಸು ಎಷ್ಟು ತಾಸು ತಡ? ಕನ್ನಡದ ಮಾತೇ, ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿತ್ತು. ನಾನು ಆ ಇಪ್ಪತ್ತಾರು ಅಕ್ಷರಗಳನ್ನು ಒಂದು ತಿಂಗಳಲ್ಲಿ, ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ, ಬಿಸ್ಕಿಟಿನ ಡಬ್ಬಿಗಳ ಮೇಲೆ ಓದಿ ಕಲಿತೆ. ಐವತ್ತೊಂದು ವರ್ಷವಾಗಿತ್ತು ನನಗೆ.

ಪುಷ್ಯದ ಮೊದಲ ವಾರ ಗುತ್ತೆವ್ವ ಹಿರೇಕೆರೂರಿನ ಬಸ್ಸು ಹತ್ತಿದಳು. ಮಗಳ ಓಣಿಯ ಔಷಧದ ಅಂಗಡಿಗೆ ಫೋನ್ ಇತ್ತು. ಆ ನಂಬರನ್ನು ಮಧ್ವೇಶ ಬಾಗಿಲ ಗೋಡೆಗೆ ಬರೆದಿದ್ದ.

"ಏನರ ಆದರ ಅಂತ..." ಎಂದು ಆಕೆ ಶುರು ಮಾಡಿದಳು.

"ಬಿಡ್ತು ಅನ್ನವಾ," ಎಂದರು ಹಯಾತಸಾಹೇಬರು.

ನಾಲ್ಕು ದಿನ ಎಲ್ಲ ನೆಟ್ಟಗೆ ನಡೆಯಿತು. ಮಜೀದನ ಟೆಂಪೊ ಒಮ್ಮೆ ನಿಂತಿತು. ಏನು ಮಾಡಬೇಕೆಂದು ಯಂತ್ರಕ್ಕೆ ಗೊತ್ತಿತ್ತು. ಐದನೆಯ ದಿನ ಮಂಜು ಬಿತ್ತು. ನನ್ನ ಆಯುಷ್ಯದಲ್ಲಿ ಅಂಥ ಮಂಜು ಕಂಡಿಲ್ಲ. ಹೊತ್ತು ಹುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ತೋಟ ಇರಲಿಲ್ಲ, ರಸ್ತೆ ಇರಲಿಲ್ಲ. ಬುಟ್ಟಿ ಹೊತ್ತವರು ಹಾಲಿನೊಳಗಿಂದ ಎದ್ದು ಬಂದ ಹಾಗೆ ಒಬ್ಬೊಬ್ಬರೇ ಬಾಗಿಲಿಗೆ ಬರುತ್ತಿದ್ದರು. ನಾವೆಲ್ಲ ಯಾರದೋ ನಿದ್ದೆಯೊಳಗೆ ತಿರುಗಾಡುತ್ತಿದ್ದಂತಿತ್ತು. ಬಸ್ಸುಗಳು ಬರಲಿಲ್ಲ. ಒಂದು ತಾಸು, ಎರಡು, ಮೂರು. ಬಸ್ಸು ಎಷ್ಟು ತಡ ಎಂದು ಯಂತ್ರ ಕೇಳಿತು, ಮೂರು ಎಂದು ಒತ್ತಿದೆ. ಪ್ರಿಂಟರು ಕರಕರ ಎಂದಿತು. ಎಲ್ಲಾ ಬುಟ್ಟಿ ಬಿಚ್ಚಿ, ಎಳೆಯ ಎಲೆ ತೆಗೆದು, ಊರಲ್ಲೇ ಹಂಚಿಬಿಡು.

ಅದು ಹನ್ನೆರಡನೆಯ ಕನಸು. ತಡವಾದರೆ ಎಲೆಗೆ ಬಿಸಿ ಏರುತ್ತದೆ. ಯಂತ್ರ ಹೇಳಿದ್ದು ಕಲಿಸಿದ್ದನ್ನೇ. ಇನ್ನೂರು ಬುಟ್ಟಿಯ ಎಳೆಯ ಎಲೆ ಊರಲ್ಲಿ ಯಾರಿಗೆ ಬೇಕು? ತೆಗೆದರೆ ಅಷ್ಟೂ ಬಾಡುತ್ತದೆ. ತೆಗೆಯದೆ ಇದ್ದು ಬಿಸಿ ಏರಿದರೆ ಎಳೆಯದು ಕೊಳೆತು ಬಲಿತದ್ದನ್ನೂ ಕೆಡಿಸುತ್ತದೆ.

ಹಯಾತಸಾಹೇಬರು ಫೋನಿನ ಬಳಿ ಹೋದರು. "ಗುತ್ತೆವ್ವನ್ನ ಕೇಳೋಣು. ಒಂದ ಮಾತು. ಹೇಳಿ ಇಟ್ಟ ಬಿಡ್ತಾಳ."

"ಕೇಳಿದರ ಬರ್ತಾಳ್ರಿ ಸಾಹೇಬ್ರ," ಎಂದೆ. "ಫೋನ್ ಇಟ್ಟ ಮ್ಯಾಲೆ ಆಕೀಗೆ ಅಲ್ಲಿ ಕುಂಡ್ರಾಕ ಆಗೂದಿಲ್ಲ. ಮದಲನೇ ಬಸ್ಸಿಗೆ ಬರ್ತಾಳ."

"ಹಂಗಾರ ನೀ ಹೇಳು."

ಹಾಗೆ ಯಾರೂ ನನಗೆ ಹಿಂದೆಂದೂ ಹೇಳಿರಲಿಲ್ಲ. ನಾನು ಬುಟ್ಟಿಯೊಂದರ ಬಾಯಿ ಸರಿಸಿ ಮೊಳಕೈವರೆಗೆ ಕೈ ಇಳಿಸಿದೆ. ಬಾವಿಯ ತಳದಷ್ಟು ತಂಪಿತ್ತು. ಎಲೆ ಇನ್ನೂ ಮಲಗಿಯೇ ಇತ್ತು, ಹೊರಗೆ ಮಂಜು ಅದಕ್ಕೆ ಇನ್ನೊಂದು ಕಂಬಳಿ ಹೊದಿಸಿತ್ತು. ಮಧ್ವೇಶನೂ ಕೈ ಇಳಿಸಿ ನೋಡಿದ.

"ಬಿಚ್ಚಬ್ಯಾಡ್ರಿ. ಕಾಯೋಣು," ಎಂದೆ.

ಹತ್ತೂವರೆಗೆ ಮಂಜು ಹರಿಯಿತು. ಮೊದಲು ಮಸೀದಿಯ ತುದಿ, ಆಮೇಲೆ ಹುಣಸೆ ಮರ, ಆಮೇಲೆ ದೀಪ ಹಚ್ಚಿಕೊಂಡ ಹಾನಗಲ್ಲ ಬಸ್ಸು. ಅಂದು ಕಳಿಸಿದ ಎಲೆಯಲ್ಲಿ ಒಂದೂ ಕೆಟ್ಟಿತೆಂದು ಯಾವ ಊರಿನಿಂದಲೂ ಸುದ್ದಿ ಬರಲಿಲ್ಲ. ಸಂಜೆ ಔಷಧದ ಅಂಗಡಿಯಿಂದಲೇ ಫೋನ್ ಬಂತು. ಫಕೀರವ್ವನಿಗೆ ಬೆಳಿಗ್ಗೆ ಒಂಬತ್ತಕ್ಕೆ ಹೆಣ್ಣುಕೂಸು ಹುಟ್ಟಿತ್ತು. ಜೋರಾಗಿ ಅತ್ತಿತಂತೆ.

ಅವರ ಮನೆತನದಲ್ಲಿ ಏಳನೆಯ ದಿನಕ್ಕೇ ತೊಟ್ಟಿಲು ಕಟ್ಟುತ್ತಾರೆ. ಅಂದು ನಾನು ಒಂದು ಬುಟ್ಟಿ ಎಲೆ ತೆಗೆದುಕೊಂಡು ಹಿರೇಕೆರೂರಿಗೆ ಹೋದೆ. ಅಂಗಳದಲ್ಲಿ ಗುತ್ತೆವ್ವ ಕೂಸಿನ ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ಕಂಡದ್ದೇ ಆಕೆಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಒಳಗೆ ಬಾಣಂತಿ ಕೋಣೆಯ ಬಾಗಿಲಿಗೆ ಫಕೀರವ್ವ ಬಂದು ನಿಂತಳು, ಎದೆಗೆ ಕೂಸು.

"ಬಂತ ನೋಡಬೇ ನಿನ್ನ ಬಾಗಲಾ," ಎಂದಳು. ಸಿಟ್ಟಿನ ದನಿಯಲ್ಲ, ಗೊತ್ತಿದ್ದದ್ದೇ ಆಯಿತು ಎನ್ನುವವರ ದನಿ.

"ಕರಿಯಾಕ ಬಂದಿಲ್ಲವಾ," ಎಂದೆ. "ತೊಟ್ಲಕ್ಕ ಬಂದೇನಿ."

ಗುತ್ತೆವ್ವ ನಂಬಲಿಲ್ಲ. "ಬಾಗಲದಾಗ ಯಾರದಾರ?"

"ಸಣ್ಣ ರಾಯರು, ಸಾಹೇಬರು."

"ಹೊಳ್ಳಿ ಬಂದ ಬುಟ್ಟಿ ಅದಾವೇನು?"

"ಇಲ್ಲ."

"ಖರೇ ಹೇಳು ಮಾರೆಪ್ಪ. ಏನಾತು?"

ಹೇಳಿದೆ. ಮಂಜು, ತಡವಾದ ಬಸ್ಸು, ಯಂತ್ರ ಕೊಟ್ಟ ಚೀಟಿ, ನಾನು ಬೇಡ ಎಂದದ್ದು. ಆಕೆ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದಳು, ಒಳಗೇ ಬುಟ್ಟಿ ಬುಟ್ಟಿ ಸರಿಸಿ ನೋಡುವವಳಂತೆ.

"ಮಂಜಿನ್ಯಾಗ ಎಲಿಗೆ ಏನೂ ಆಗೂದಿಲ್ಲೋ," ಎಂದಳು ಕೊನೆಗೆ. "ಏನೂ ಆಗೂದಿಲ್ಲಂತನ ಅದು ನನ್ನ ಕನಸಿಗೆ ಬಂದಿಲ್ಲ. ಕೆಟ್ಟದ್ದಷ್ಟ ಹೇಳಿದ್ನೆಲ್ಲಾ ನೀರಿಗೆ." ಆಮೇಲೆ, "ಫೋನ್ ಮಾಡಬೇಕಿತ್ತು ನೀ."

"ಮಾಡಿದ್ದರ ಬರ್ತಿದ್ದಿ."

ಆಕೆ ಹೂಂಗುಟ್ಟಿದಳು. ಹಗ್ಗದ ಮೇಲಿನ ಬಟ್ಟೆ ಗಾಳಿಗೆ ತುಂಬಿಕೊಂಡು ಮತ್ತೆ ಇಳಿಯಿತು. ಫಕೀರವ್ವ ಹೊಸ್ತಿಲಲ್ಲೇ ನಿಂತು ತಾಯಿಯ ಮುಖ ನೋಡುತ್ತಿದ್ದಳು.

"ನೀ ಹೇಳಿ ಬಂದ ಹನ್ನೆರಡ ದಿನಾ ನಾಳಿಗೆ ತುಂಬತಾವು," ಎಂದಳು.

ಗುತ್ತೆವ್ವ ಎದ್ದು ಹೋಗಿ ಮಗಳ ಕೈಯಿಂದ ಕೂಸನ್ನು ತೆಗೆದುಕೊಂಡಳು.

"ಶಿವರಾತ್ರಿ ತನಕಾ ಇರ್ತೇನಿ," ಎಂದಳು. "ಮಾರೆಪ್ಪ, ಸಾಹೇಬರಿಗೆ ಹೇಳು."